ಮಧ್ಯಾಹ್ನ ಮನೆಯದು, ಸಂಜೆ ಮಾಳಿಗೆಯದು

ಏಪ್ರಿಲ್ ಎರಡನೇ ವಾರ ಶಾಲೆಗೆ ಸೂಟಿ ಬಿಟ್ಟ ಮರುದಿನದಿಂದ ನನ್ನ ದವಾಖಾನೆಯಲ್ಲಿ ಒಂದೇ ಪ್ರಶ್ನೆ. ಜ್ವರ ಅಂತ ಬಂದವರೂ ಕೇಳುತ್ತಾರೆ, ಲಸಿಕೆಗೆ ಬಂದವರೂ ಕೇಳುತ್ತಾರೆ. "ಮೇಡಂ, ಸೂಟಿ ಬಿಟ್ಟಾರ. ಇವನ್ನ ದಿನಾ ಮನ್ಯಾಗ ಹಿಡದು ಕೂಡ್ರಸೂದು ಹ್ಯಾಂಗ್ರಿ?" ಪಕ್ಕದಲ್ಲಿ ಮೂರೋ ನಾಲ್ಕೋ ವರ್ಷದ ಮಗು ನನ್ನ ಸ್ಟೆತಸ್ಕೋಪ್ ಎಳೆಯುತ್ತಾ ನಿಂತಿರುತ್ತದೆ.

ವಿಜಯಪುರದಲ್ಲಿ ಮಕ್ಕಳ ಡಾಕ್ಟರ್ ಆಗಿ ಇಪ್ಪತ್ತೆರಡು ಬೇಸಿಗೆ ಕಳೆದಿದ್ದೇನೆ. ಈ ಪ್ರಶ್ನೆಯ ಹಿಂದೆ ಏನಿದೆ ಅಂತ ನನಗೆ ಗೊತ್ತು. ಹೊರಗೆ ನಲವತ್ತು ಡಿಗ್ರಿ ದಾಟುವ ಬಿಸಿಲು. ಒಳಗೆ ಮೊಬೈಲ್. ಪಕ್ಕದ ಮನೆಯ ಮಗು ಯಾವುದೋ ಕ್ಯಾಂಪಿಗೆ ಹೋಗುತ್ತಿದೆ, ನಮ್ಮದು ಸುಮ್ನೆ ಕೂತಿದೆ ಅನ್ನುವ ಕಳವಳ ಬೇರೆ. ಅಪ್ಪನಿಗೆ ಡ್ಯೂಟಿ, ಅವ್ವನಿಗೆ ಮನೆಗೆಲಸ, ಅಜ್ಜಿಗೆ ಮೊಣಕಾಲು ನೋವು. ಮಗುವಿಗೆ ಮಾತ್ರ ದಿನವಿಡೀ ಕಸುವು.

ನಾನು ಹೇಳೋದು ಇಷ್ಟೇ. ನಮ್ಮ ಊರಿನ ಬೇಸಿಗೆಯಲ್ಲಿ ಮಗುವಿಗೆ ಏನು ಮಾಡಿಸಬೇಕು ಅಂತ ಹುಡುಕುವ ಮೊದಲು ಗಡಿಯಾರ ನೋಡಿ. ಬೆಳಗ್ಗೆ ಆರರಿಂದ ಒಂಬತ್ತರ ತನಕ ಬಯಲು. ಹನ್ನೊಂದರಿಂದ ನಾಲ್ಕೂವರೆ ತನಕ ಮನೆ. ಐದೂವರೆ ಮೇಲೆ ಮತ್ತೆ ಬಯಲು, ಕತ್ತಲಾದ ಮೇಲೆ ಮಾಳಿಗೆ. ಹೊಲದ ಕೆಲಸ ಮಾಡುವವರು ಈ ಲೆಕ್ಕ ಎಂದೋ ಕಲಿತಿದ್ದಾರೆ. ನಸುಕಿನಲ್ಲಿ ಹೋಗಿ ಬಿಸಿಲೇರುವ ಹೊತ್ತಿಗೆ ಬೇವಿನ ಮರದ ನೆರಳಿಗೆ ಬರುತ್ತಾರೆ, ಇಳಿಹೊತ್ತಿಗೆ ಮತ್ತೆ ಹೊಲಕ್ಕೆ ಇಳಿಯುತ್ತಾರೆ. ಪುಟ್ಟ ಮಗುವಿನ ದಿನವನ್ನೂ ಹಾಗೇ ಕಟ್ಟಬೇಕು. ಹೊತ್ತು ಸರಿ ಕೂತರೆ ಆಟ ತಾನಾಗಿ ಹುಟ್ಟುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಚಿತ್ರ, ಡಾನ್ಸ್, ಶ್ಲೋಕ ಎಲ್ಲಾ ಕಲಿಸುತ್ತೇವೆ ಅಂದಿದ್ದ ಒಂದು ಬೇಸಿಗೆ ಶಿಬಿರಕ್ಕೆ ಹಾಕಿದೆ. ಹತ್ತರಿಂದ ಒಂದು ಗಂಟೆ. ಮೂರನೇ ದಿನ ಬಂದವಳ ಮುಖ ಕೆಂಪಗಿತ್ತು. ತಲೆನೋವು ಅಂತ ಅಳುತ್ತಿದ್ದಳು, ನೀರು ಕೊಟ್ಟರೆ ದೂಡುತ್ತಿದ್ದಳು. ಬೆಳಗ್ಗೆಯಿಂದ ಮೂತ್ರಕ್ಕೇ ಹೋಗಿರಲಿಲ್ಲ. ಮರುದಿನ ಹೋಗಿ ನೋಡಿದರೆ ಮಾಳಿಗೆ ಮೇಲೆ ತಗಡಿನ ಶೆಡ್ಡು, ಅದರ ಕೆಳಗೆ ಮೂವತ್ತು ಮಕ್ಕಳು, ಎರಡು ಫ್ಯಾನು. ಏನೇನು ಕಲಿಸುತ್ತಾರೆ ಅಂತ ನಾನು ವಿಚಾರಿಸಿದ್ದೆ. ಮೇಲೆ ಯಾವ ಚಾವಣಿ ಇದೆ ಅಂತ ವಿಚಾರಿಸಿರಲಿಲ್ಲ. ಅವತ್ತಿನಿಂದ ಶಿಬಿರದ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಕೇಳುವುದು ಎರಡೇ: ಎಷ್ಟು ಹೊತ್ತಿಗೆ, ಯಾವ ಚಾವಣಿ ಕೆಳಗೆ?

ಮಕ್ಕಳಿಗೇ ಬಿಸಿಲು ಯಾಕೆ ಇಷ್ಟು ಬೇಗ ತಗಲುತ್ತದೆ? ಮೈ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ನಮಗಿಂತ ಜಾಸ್ತಿ. ಹೊರಗಿನ ಗಾಳಿ ಮೈಗಿಂತ ಬಿಸಿ ಇದ್ದಾಗ ಆ ಶಾಖ ಅವರೊಳಗೆ ಬೇಗ ಇಳಿಯುತ್ತದೆ. ಬೆವರುವುದೂ ಕಡಿಮೆ. ಎಲ್ಲಕ್ಕಿಂತ ದೊಡ್ಡದು, ಆಟದ ಗುಂಗಿನಲ್ಲಿರುವ ಮಗು ಸಾಕು ಅಂತ ತಾನಾಗಿ ನಿಲ್ಲಿಸುವುದಿಲ್ಲ, ಬಾಯಾರಿದೆ ಅಂತ ಬಂದು ಹೇಳುವುದಿಲ್ಲ. ಮುಖ ಕೆಂಪಾಗಿ, ಕಿರಿಕಿರಿ ಮಾಡುತ್ತಾ, ತಲೆನೋವು, ಹೊಟ್ಟೆ ತೊಳಸು ಅಂದರೆ ತಕ್ಷಣ ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಬೀಸಿ, ಗುಟುಕು ಗುಟುಕಾಗಿ ನೀರು ಕುಡಿಸಿ. ಅರ್ಧ ತಾಸಿನಲ್ಲಿ ಮಗು ಗೆಲುವಾಗಬೇಕು. ಗೆಲುವಾಗದೆ ಮಂಕಾದರೆ, ಏನೇನೋ ಮಾತಾಡಿದರೆ, ಫಿಟ್ಸ್ ಬಂದರೆ, ಮೈ ಕಾದ ಹಂಚಿನಂತೆ ಸುಟ್ಟರೆ ಅದು ಬಿಸಿಲಿನ ಹೊಡೆತ. 108ಕ್ಕೆ ಫೋನ್ ಮಾಡಿ. ಗಾಡಿ ಬರುವ ತನಕ ಮೈಮೇಲೆ ನೀರು ಹಾಕುತ್ತಲೇ ಇರಿ, ದಾರಿಯಲ್ಲೂ ನಿಲ್ಲಿಸಬೇಡಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಜ್ವರದ ಸಿರಪ್ ಕೊಟ್ಟು ಕಾಯುತ್ತಾ ಕೂರುವವರು ತುಂಬಾ ಜನ. ಈ ಶಾಖಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ.

ಮದುವೆ ಸೀಜನ್ನಿನಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಮಲಗಿದ ಮಗುವನ್ನು ಕಾರಿನಲ್ಲೇ ಬಿಟ್ಟು "ಐದ್ ನಿಮಿಷ, ಆಹೇರಿ ಕೊಟ್ಟು ಬರ್ತೇವಿ" ಅಂತ ಹೋಗಬೇಡಿ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷಕ್ಕೆ ಹತ್ತು ಡಿಗ್ರಿ ಏರುತ್ತದೆ. ಕಿಟಕಿ ಎರಡು ಬೆರಳಷ್ಟು ಇಳಿಸಿದ್ದರೂ ಏನೂ ಉಪಯೋಗವಿಲ್ಲ.

ಇನ್ನು ಬೆಳಗಿನ ಹೊತ್ತು. ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂತೆ ಓಡಿ ಕುಣಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೂರು ತಾಸಾ ಅಂತ ತಾಯಂದಿರು ಗಾಬರಿ ಆಗುತ್ತಾರೆ. ಬೆಳಗ್ಗೆ ಒಂದೂವರೆ, ಸಂಜೆ ಒಂದೂವರೆ, ಆಗಿಹೋಯಿತು. ನಡುವೆ ಮನೆಯೊಳಗೆ ಓಡಾಡುವುದೂ ಲೆಕ್ಕಕ್ಕೆ ಬರುತ್ತದೆ. ಭೂತನಾಳ ಕೆರೆಯ ಕಡೆ ಹೋಗಿ ಬನ್ನಿ, ಹತ್ತಿರದ ಪಾರ್ಕಿಗೆ ಹೋಗಿ, ಏನೂ ಇಲ್ಲದಿದ್ದರೆ ಹಾಲು ತರಲು ಮಗುವನ್ನು ನಡೆಸಿಕೊಂಡು ಹೋಗಿ. ದೂರ ಹೋಗುವ ಅಗತ್ಯವೇ ಇಲ್ಲ.

ಆದರೆ ಈ ಊರಲ್ಲಿ ಇದ್ದು ಮಗುವಿಗೆ ಬೆಳಗಿನ ಗೋಳಗುಮ್ಮಟ ತೋರಿಸದೆ ಇರಬೇಡಿ. ನಾವು ನೆಂಟರು ಬಂದಾಗ ಮಾತ್ರ ಹೋಗುತ್ತೇವೆ, ಅದೂ ಹನ್ನೊಂದು ಗಂಟೆಗೆ. ಆಗ ಒಳಗೆ ಬರೀ ಕಿರುಚಾಟ. ಕಳೆದ ಬೇಸಿಗೆಯಲ್ಲಿ ತಂಗಿಯ ಮಗನನ್ನು ಬಾಗಿಲು ತೆಗೆಯುವ ಹೊತ್ತಿಗೇ ಕರೆದುಕೊಂಡು ಹೋಗಿದ್ದೆ. ಐದು ವರ್ಷದವನು. ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಮೆಟ್ಟಿಲು ಕಡಿದು, ಇಕ್ಕಟ್ಟು. ಅವನಿಗೆ ಎಣಿಸಲು ಬರುವುದು ಇಪ್ಪತ್ತರ ತನಕ. ಇಪ್ಪತ್ತಾದ ಕೂಡಲೇ ನಿಂತು, ಉಸಿರು ಬಿಟ್ಟು, ಮತ್ತೆ ಒಂದರಿಂದ ಶುರು ಮಾಡುತ್ತಿದ್ದ. ಆ ನಿಲ್ಲುವುದೇ ನನಗೂ ವಿಶ್ರಾಂತಿ. ಮೇಲೆ ಪಿಸುಮಾತಿನ ಗ್ಯಾಲರಿಯಲ್ಲಿ ತಂಗಿಯೂ ಸೇರಿ ನಾವು ಮೂವರೇ. ಅವನನ್ನು ತಂಗಿಯ ಹತ್ತಿರ ಕೂರಿಸಿ ನಾನು ಸುತ್ತಿಕೊಂಡು ಎದುರು ಬದಿಗೆ ಹೋದೆ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಅಷ್ಟು ದೂರದಲ್ಲಿ ಅವನ ಮುಖವೂ ಸರಿ ಕಾಣುತ್ತಿರಲಿಲ್ಲ. ಗೋಡೆಗೆ ಕಿವಿ ಇಟ್ಟೆ. "ದೊಡ್ಡವ್ವ, ನಂಗ ಹಸಿವಾಗ್ಯದ" ಅಂತ ಕಿವಿಯಲ್ಲೇ ಹೇಳಿದ ಹಾಗೆ ಕೇಳಿತು.

ಇಳಿಯುವಾಗ ಅವನ ಪ್ರಶ್ನೆ: "ಗೋಡಿ ಹ್ಯಾಂಗ ಮಾತಾಡತದ?" ನಾನು ಉತ್ತರ ಹೇಳಲಿಲ್ಲ. 1656ರ ಸುಮಾರಿಗೆ ಕಟ್ಟಿ ಮುಗಿಸಿದ್ದು, ಮುಹಮ್ಮದ್ ಆದಿಲ್ ಶಾಹನ ಸಮಾಧಿ ಅಂತೆಲ್ಲಾ ಐದು ವರ್ಷದವನಿಗೆ ಹೇಳಿ ಏನು ಮಾಡುವುದು? ಮನೆಗೆ ಬಂದವನು ಖಾಲಿ ಕೊಡದೊಳಗೆ ಬಾಯಿ ಇಟ್ಟು ಕೂಗಿದ. ಆಮೇಲೆ ಬಕೆಟ್ಟಿನಲ್ಲಿ, ಆಮೇಲೆ ಡಬರಿಯಲ್ಲಿ, ಆಮೇಲೆ ಹಾಸಿಗೆಯಲ್ಲಿ ಮುಖ ಮುಚ್ಚಿ. ಹಾಸಿಗೆ ಮಾತಾಡುವುದಿಲ್ಲ ಅಂತ ಅವನೇ ಕಂಡುಹಿಡಿದ. ಆ ಮಧ್ಯಾಹ್ನ ಪೂರ್ತಿ ಅದೇ ಆಟ. ಬೆಳಗ್ಗೆ ಎರಡು ತಾಸು ಹೊರಗೆ ಕಂಡದ್ದು ಮಧ್ಯಾಹ್ನದ ಆಟಕ್ಕೆ ಸಾಮಾನಾಗುತ್ತದೆ. ಅದಕ್ಕೇ ನಾನು ಬೆಳಗಿನ ಹೊತ್ತನ್ನು ನಿದ್ದೆಗೆ ಬಿಡಬೇಡಿ ಅನ್ನುವುದು.

ಮಧ್ಯಾಹ್ನವೇ ಕಷ್ಟ, ನಿಜ. ಐದಾರು ತಾಸು ಬಾಗಿಲು ಹಾಕಿಕೊಂಡು ಒಳಗಿರಬೇಕು. ಮೊಬೈಲ್ ಮನೆಯೊಳಗೆ ಬರುವುದೂ ಇದೇ ಹೊತ್ತಿನಲ್ಲಿ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಎರಡು ವರ್ಷದ ಒಳಗೆ ಪರದೆ ಬೇಡವೇ ಬೇಡ, ಊರಿಂದ ಅಜ್ಜ ಅಜ್ಜಿ ವಿಡಿಯೊ ಕಾಲ್ ಮಾಡಿದರೆ ಸರಿ. ಎರಡರಿಂದ ಐದು ವರ್ಷದ ತನಕ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಅದೂ ದೊಡ್ಡವರು ಪಕ್ಕದಲ್ಲಿ ಕೂತಿರುವಾಗ. ಇದನ್ನು ಹೇಳಿದಾಗ ಒಬ್ಬ ಅಜ್ಜಿ ನನ್ನನ್ನೇ ಕೇಳಿದರು: "ಬಾಯಾರ, ಮೊಬೈಲ್ ಕಸ್ಗೊಂಡ್ರ ಕೈಯಾಗ ಏನರ ಕೊಡಬೇಕಲ್ರಿ?" ಅವರು ಕೇಳಿದ್ದು ಸರಿ. ಖಾಲಿ ಕೈ ಮತ್ತೆ ಮೊಬೈಲಿಗೇ ಹೋಗುತ್ತದೆ.

ಕೈಗೆ ಏನು ಕೊಡಬೇಕು ಅನ್ನುವುದಕ್ಕೆ ನಮ್ಮ ಭಾಗದ ಮನೆಗಳಲ್ಲೇ ಉತ್ತರ ಇದೆ. ಬೇಸಿಗೆ ಅಂದರೆ ಶಾವಿಗೆ, ಹಪ್ಪಳ, ಸಂಡಿಗೆ, ಕುರುಡಿಗೆ, ಉಪ್ಪಿನಕಾಯಿ, ಕೌದಿ. ವರ್ಷದ ಸಾಮಾನು ಈ ಎರಡು ತಿಂಗಳಲ್ಲಿ ತಯಾರಾಗಬೇಕು. ಈಗ ಎಷ್ಟೋ ಮನೆಗಳಲ್ಲಿ ಮಗುವನ್ನು ಮೊಬೈಲ್ ಕೊಟ್ಟು ಒಳಗೆ ಕೂರಿಸಿ, ಅಡ್ಡ ಬರಬೇಡ ಅಂತ ಹೇಳಿ ಈ ಕೆಲಸ ಮಾಡುತ್ತಾರೆ. ಅಡ್ಡ ಬರಲಿ ಬಿಡಿ.

ಬಬಲೇಶ್ವರದ ಕಡೆ ನಮ್ಮ ಅತ್ತೆಯ ತವರಿನಲ್ಲಿ ಇನ್ನೂ ಮಣೆಯ ಮೇಲೆ ಕೈಶಾವಿಗೆ ಹೊಸೆಯುತ್ತಾರೆ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಇರುವ ಉದ್ದ ಮಣೆ. ದೊಡ್ಡವರೊಬ್ಬರು ಅದರ ಮೇಲೆ ಕೂತು ನಾದಿದ ಹಿಟ್ಟನ್ನು ಅಂಗೈಯಲ್ಲಿ ಹೊಸೆಯುತ್ತಾ ಹೋದರೆ ತಗ್ಗಿನ ಕಡೆಯಿಂದ ಎಳೆ ಇಳಿಯುತ್ತದೆ, ಇನ್ನೊಬ್ಬರು ಅದನ್ನು ಹಿಡಿದು ಕೋಲಿನ ಮೇಲೆ ಒಣಹಾಕುತ್ತಾರೆ. ನಡುಮನೆಯಲ್ಲೇ ಎರಡು ಕುರ್ಚಿಗೆ ಅಡ್ಡಲಾಗಿ ಕೋಲು. ಆ ಮನೆಯ ನಾಲ್ಕು ವರ್ಷದ ಹುಡುಗಿ ಬೆಳಗಿನಿಂದ ಮಣೆಗೆ ಜೋತುಬಿದ್ದಿದ್ದಳು. ಅವಳ ಆಯಿ ಲಿಂಬೆಹಣ್ಣಿನಷ್ಟು ಹಿಟ್ಟು ಕೊಟ್ಟು, ಒಂದು ತಾಟು ಬೋರಲು ಹಾಕಿ, "ಇದು ನಿನ್ನ ಮಣಿ" ಅಂದರು.

ನಾನು ಪಕ್ಕದಲ್ಲೇ ಕೂತಿದ್ದೆ. ಮೊದಲು ಅವಳು ಹಿಟ್ಟನ್ನು ಗುದ್ದಿದಳು. ಆಮೇಲೆ ಹಾವು ಮಾಡಿದಳು. ಹಾವು ತುಂಡಾಯಿತು, ಅತ್ತಳು. ಆಯಿ ಏನೂ ಹೇಳಲಿಲ್ಲ, ಎಳ್ಳೆಣ್ಣೆಯ ಬಟ್ಟಲನ್ನು ಅವಳ ಹತ್ತಿರ ಸರಿಸಿದರು ಅಷ್ಟೇ. ಹುಡುಗಿ ಬೆರಳು ಅದ್ದಿದಳು, ಮತ್ತೆ ಹೊಸೆದಳು. ಅಂಗೈ ಬಿಟ್ಟು ಬೆರಳ ತುದಿಗೆ ಬಂದಳು. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಮೆಲ್ಲಗೆ ಎಳೆಯುವುದು ಅವಳಿಗೆ ತಾನಾಗಿ ಗೊತ್ತಾಯಿತು. ಮುಕ್ಕಾಲು ತಾಸಿನ ಮೇಲೆ ಗೇಣುದ್ದದ ಒಂದು ಎಳೆ ಬಂತು. ದಪ್ಪ, ಸೊಟ್ಟ. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೋಲಿನ ತನಕ ನಡೆದಳು. ಉಸಿರು ಬಿಗಿಹಿಡಿದಿದ್ದಳು. ಆಯಿ ಅದನ್ನು ತಮ್ಮ ಎಳೆಗಳ ಪಕ್ಕದಲ್ಲೇ ಜೋತುಹಾಕಿದರು. ಬೇರೆ ಇಡಲಿಲ್ಲ.

ಮಗುವಿನ ಬೆರಳಿನ ಕೆಲಸ ಅಂದರೆ ಇದು. ಹೆಬ್ಬೆರಳು, ತೋರುಬೆರಳು ಸೇರಿ ಸಣ್ಣ ವಸ್ತುವನ್ನು ಅಳತೆಯ ಬಲದಲ್ಲಿ ಹಿಡಿಯುವುದು, ಎರಡು ಕೈ ಬೇರೆ ಬೇರೆ ಕೆಲಸ ಮಾಡುವುದು. ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದ ತಯಾರಿ ಇದೇ. ನಾಲ್ಕು ವರ್ಷಕ್ಕೇ ಅ ಆ ಇ ಈ ತಿದ್ದಿಸಿ, ಬೆರಳು ನೋವು ಅಂತ ನನ್ನ ಹತ್ತಿರ ಕರೆತರುವವರು ಇದ್ದಾರೆ. ಅವರಿಗೆ ನಾನು ಹೇಳುವ ಔಷಧಿ ಹಿಟ್ಟಿನ ಉಂಡೆ. ಮನೆಯಲ್ಲಿ ಶಾವಿಗೆ ಮಾಡದಿದ್ದರೆ ಚಪಾತಿ ಹಿಟ್ಟು ಇದ್ದೇ ಇರುತ್ತದೆ. ಬಟಾಣಿ ಸುಲಿಯಲಿ, ಕೊತ್ತಂಬರಿ ಬಿಡಿಸಲಿ, ಬೆಳ್ಳುಳ್ಳಿ ಸಿಪ್ಪೆ ತೆಗೆಯಲಿ. ನಿಮಗೆ ಹತ್ತು ನಿಮಿಷದ ಕೆಲಸ ಮಗುವಿನ ಜೊತೆ ನಲವತ್ತು ನಿಮಿಷ ಆಗುತ್ತದೆ. ಮಧ್ಯಾಹ್ನ ನಮಗೆ ಬೇಕಾಗಿರುವುದೂ ಅದೇ ಅಲ್ವಾ?

ಕೌದಿಯೂ ಹಾಗೇ. ಹಳೇ ಬಟ್ಟೆಯ ತುಂಡುಗಳ ಗಂಟು ಬಿಚ್ಚಿ ಮಗುವಿನ ಮುಂದೆ ಸುರಿಯಿರಿ. ಕೆಂಪು ಒಂದು ಕಡೆ, ಹಸಿರು ಒಂದು ಕಡೆ. ದೊಡ್ಡದು, ಸಣ್ಣದು. ಇದು ಯಾರ ಸೀರೆ, ಇದು ಯಾರ ಅಂಗಿ. ತೀರಿಹೋದ ಮುತ್ತಜ್ಜನ ಧೋತರದ ತುಂಡು ಬಂದರೆ ಕಥೆ ತಾನಾಗಿ ಬರುತ್ತದೆ. ಮಗು ಮಾತು ಕಲಿಯುವುದು ಮನುಷ್ಯರ ಬಾಯಿಂದ, ಹೀಗೆ ಕೈಯಲ್ಲಿ ಹಿಡಿದ ವಸ್ತುವಿನ ಜೊತೆ. ಮೂರು ವರ್ಷ ಆದರೂ ಮಾತು ಸರಿ ಬರುತ್ತಿಲ್ಲ ಅಂತ ಬರುವ ಮಕ್ಕಳ ಮನೆಯಲ್ಲಿ ದಿನ ಹೇಗೆ ಕಳೆಯುತ್ತದೆ ಅಂತ ವಿಚಾರಿಸಿದರೆ, ಎಷ್ಟೋ ಸಲ ಟಿವಿ ಒಂದೇ ಮಾತಾಡುತ್ತಿರುತ್ತದೆ. (ಮಾತು ತಡವಾಗಿದ್ದರೆ ಕಿವಿಯ ತಪಾಸಣೆ ತಪ್ಪಿಸಬೇಡಿ. ಅದನ್ನು ಸೂಟಿಯಲ್ಲೇ ಮುಗಿಸಿಕೊಳ್ಳಿ.) ಸೂಜಿಯನ್ನು ಮಾತ್ರ ಎಣಿಸಿ ತೆಗೆಯಿರಿ, ಎಣಿಸಿ ಇಡಿ.

ಇಷ್ಟೆಲ್ಲಾ ಆದ ಮೇಲೂ ಮಗು "ಬ್ಯಾಸರಾಗ್ಯದ" ಅನ್ನುತ್ತದೆ. ಅನ್ನಲಿ. ತಕ್ಷಣ ಏನಾದರೂ ಕೊಡಲು ಹೋಗಬೇಡಿ. ಹದಿನೈದು ಇಪ್ಪತ್ತು ನಿಮಿಷ ಗೊಣಗುತ್ತದೆ, ನೆಲದ ಮೇಲೆ ಹೊರಳುತ್ತದೆ, ಆಮೇಲೆ ಎದ್ದು ಎಲ್ಲರ ಚಪ್ಪಲಿಗಳನ್ನು ಸಾಲಾಗಿ ಇಟ್ಟು ಇಂಡಿ ಬಸ್ಸು ಬಿಡುತ್ತದೆ. ಆ ಇಪ್ಪತ್ತು ನಿಮಿಷ ತಡೆದುಕೊಳ್ಳುವುದು ದೊಡ್ಡವರಿಗೇ ಕಷ್ಟ, ನನಗೂ ಕಷ್ಟವಾಗುತ್ತಿತ್ತು. ಊಟ ಆದ ಮೇಲೆ ಒಂದು ನಿದ್ದೆ ಆಗಲಿ. ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ತಾಸು ನಿದ್ದೆ ಬೇಕು, ಅದರಲ್ಲಿ ಮಧ್ಯಾಹ್ನದ್ದೂ ಸೇರಿತು.

ಮಲಗುವ ಕೋಣೆ ಹೇಗಿರಬೇಕು? ಮಣ್ಣಿನ ಮೇಲ್ಮುದ್ದೆಯ ಹಳೇ ಮನೆಯಿದ್ದರೆ ನೀವು ಪುಣ್ಯವಂತರು, ಆ ದಪ್ಪ ಗೋಡೆಗಳೇ ಕೂಲರ್. ಆರ್‌ಸಿಸಿ ಮನೆಯಲ್ಲಿ ಮೇಲಿನ ಮಹಡಿ ಬಿಟ್ಟು ಕೆಳಗೆ ಮಲಗಿಸಿ. ಏರ್ ಕೂಲರ್ ಇದ್ದರೆ ಕಿಟಕಿ ಸ್ವಲ್ಪ ತೆಗೆದಿರಬೇಕು, ಇಲ್ಲದಿದ್ದರೆ ಒಳಗೆ ಬರೀ ಸೆಕೆ ಆಗುತ್ತದೆ. ವಾರಕ್ಕೊಮ್ಮೆ ಅದರ ನೀರು ಪೂರ್ತಿ ಚೆಲ್ಲಿ ಉಜ್ಜಿ ತೊಳೆಯಿರಿ. ಡೆಂಗಿ ತರುವ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೆಳೆಯಲು ಎಂಟು ಹತ್ತು ದಿನ ಸಾಕು. ಬಾಣಂತಿ ಮನೆಯಲ್ಲಿ ಕೂಸಿಗೆ ಮೇ ತಿಂಗಳಲ್ಲೂ ಕುಂಚಿಗೆ ಕಟ್ಟಿ, ಎರಡು ಪದರ ಸುತ್ತಿ ಇಟ್ಟಿರುತ್ತಾರೆ. ಕೂಸಿನ ಕತ್ತಿನ ಹಿಂದೆ ಕೈ ಇಡಿ. ಬೆವರಿದ್ದರೆ ಬಟ್ಟೆ ಜಾಸ್ತಿ ಆಯಿತು ಅಂತಲೇ ಅರ್ಥ. ಬೆವರುಗುಳ್ಳೆಗೆ ಪೌಡರ್ ಸುರಿಯಬೇಡಿ, ಅದು ಉಸಿರಿನ ಜೊತೆ ಎದೆಗೆ ಹೋಗುತ್ತದೆ. ತಣ್ಣೀರ ಸ್ನಾನ, ತೆಳು ಹತ್ತಿ ಬಟ್ಟೆ ಸಾಕು.

ನೀರಿನ ವಿಷಯಕ್ಕೆ ಬರುತ್ತೇನೆ. ಆರು ತಿಂಗಳ ಒಳಗಿನ ಕೂಸಿಗೆ ಎಂಥಾ ಬಿಸಿಲಿದ್ದರೂ ನೀರು ಬೇಡ. ಎದೆಹಾಲಿನಲ್ಲೇ ಬೇಕಾದಷ್ಟು ನೀರಿದೆ, ಹೆಚ್ಚು ಸಲ ಕುಡಿಸಿ. ದೊಡ್ಡ ಮಕ್ಕಳಿಗೆ ಲೆಕ್ಕ ಹೀಗೆ: 12 ಕಿಲೋ ತೂಕದ ಮಗುವಿಗೆ ಹಾಲು, ಮಜ್ಜಿಗೆ, ಸಾರು ಎಲ್ಲಾ ಸೇರಿ ಸಾಮಾನ್ಯ ದಿನದಲ್ಲೇ ಸುಮಾರು 1100 ಮಿಲಿಲೀಟರ್ ಬೇಕು. ನಮ್ಮ ಮೇ ತಿಂಗಳಿಗೆ ಅದಕ್ಕಿಂತ ಜಾಸ್ತಿ. ಆದರೆ ಯಾರೂ ಅಳೆದು ಕುಡಿಸುವುದಿಲ್ಲ. ಮೂರು ನಾಲ್ಕು ತಾಸಿಗೊಮ್ಮೆ ಮೂತ್ರಕ್ಕೆ ಹೋಗುತ್ತಿದೆಯಾ, ಬಣ್ಣ ತಿಳಿಯಾಗಿದೆಯಾ, ಅಷ್ಟು ನೋಡಿ. ಕುಡಿಸಲು ಹಿಂದೆ ಓಡುವ ಬದಲು ನಳ ಇರುವ ಒಂದು ಸಣ್ಣ ಮಣ್ಣಿನ ಗಡಿಗೆಯನ್ನು ಮಗುವಿನ ಎತ್ತರಕ್ಕೆ ಇಡಿ. "ಇದು ನಿನ್ನ ಗಡಿಗಿ" ಅನ್ನಿ. ನಳ ತಿರುಗಿಸುವ ಸಂತೋಷಕ್ಕೇ ಮಗು ಕುಡಿಯುತ್ತದೆ. ಅರ್ಧ ನೀರು ನೆಲಕ್ಕೆ ಹೋಗುತ್ತದೆ, ಒರೆಸುವುದನ್ನೂ ಅದಕ್ಕೇ ಕಲಿಸಿ.

ಮಜ್ಜಿಗೆ, ಜೋಳದ ಅಂಬಲಿ, ಮಾವಿನಕಾಯಿ ಪಾನಕ, ಕಲ್ಲಂಗಡಿ ಇರುವಾಗ ಡಬ್ಬಿಯ ಜ್ಯೂಸ್ ಯಾಕೆ? ಇನ್ನು ಓಆರ್‌ಎಸ್. ವಾಂತಿ ಭೇದಿ ಆದಾಗ ಅದು ಜೀವ ಉಳಿಸುತ್ತದೆ. ಆದರೆ ಪಟ್ಟಣದ ಅಂಗಡಿಗಳಲ್ಲಿ ಅದೇ ಹೆಸರು ಹೊತ್ತ ಸಿಹಿ ಪಾನೀಯಗಳನ್ನು ವರ್ಷಗಟ್ಟಲೆ ಮಾರಿದರು. ತಾಯಂದಿರು ಔಷಧಿ ಅಂತ ಕೊಟ್ಟರು, ಸಕ್ಕರೆ ಜಾಸ್ತಿ ಆಗಿ ಭೇದಿ ಇನ್ನೂ ಹೆಚ್ಚಾಯಿತು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ಪಟ್ಟುಬಿಡದೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅಂತ ಬಳಸಬಾರದು ಎಂದು ಆದೇಶ ಮಾಡಿತು. ಆ ಸುದ್ದಿ ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ. ನೀವು ಕೇಳಬೇಕಾದದ್ದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ. ದೊಡ್ಡ ಪ್ಯಾಕೆಟ್ಟು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಅರ್ಧರ್ಧ ಹಾಕಿ ಅಂದಾಜಿನಲ್ಲಿ ಕಲಸಬೇಡಿ. 24 ತಾಸಾದ ಮೇಲೆ ಉಳಿದದ್ದು ಚೆಲ್ಲಿ.

ನಮ್ಮ ಜಿಲ್ಲೆ ದ್ರಾಕ್ಷಿಯ ಜಿಲ್ಲೆ. ತಿಕೋಟಾ ಕಡೆಯಿಂದ ಬಂದವರು ಮಗುವಿನ ಎರಡೂ ಕೈ ತುಂಬಾ ದ್ರಾಕ್ಷಿ, ಒಣದ್ರಾಕ್ಷಿ ಕೊಟ್ಟು ಆಡಲು ಬಿಟ್ಟಿರುತ್ತಾರೆ. ಹಣ್ಣು ಒಳ್ಳೆಯದೇ. ಆದರೆ ಇಡೀ ದ್ರಾಕ್ಷಿ ಪುಟ್ಟ ಮಗುವಿನ ಗಂಟಲಿಗೆ ಬಿರಡೆಯಂತೆ ಕೂತುಬಿಡುತ್ತದೆ. ಐದು ವರ್ಷದ ಒಳಗಿನವರಿಗೆ ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಅದಕ್ಕಿಂತ ಹೆಚ್ಚು ನಾನು ಹೆದರುವುದು ಶೇಂಗಾ ಕಾಳಿಗೆ. ಓಡುತ್ತಾ, ನಗುತ್ತಾ ತಿಂದರೆ ಕಾಳು ಉಸಿರಿನ ಕೊಳವೆಗೆ ಇಳಿಯುತ್ತದೆ. ಆಗ ಮಗು ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಗುತ್ತದೆ, ವಾರದ ಮೇಲೆ ನ್ಯುಮೋನಿಯಾ ಅಂತ ಬರುತ್ತದೆ. ಚಿಕ್ಕ ಮಕ್ಕಳಿಗೆ ಶೇಂಗಾ ಹಿಂಡಿಯನ್ನೋ ಉಂಡೆಯನ್ನೋ ಪುಡಿ ಮಾಡಿ ಕೊಡಿ, ಕೂರಿಸಿ ತಿನ್ನಿಸಿ. ತಿನ್ನುವಾಗ ಒಮ್ಮೆ ಹಾಗೆ ಕೆಮ್ಮಿದ ನೆನಪಿದ್ದರೆ, ಎಷ್ಟು ದಿನ ಆಗಿದ್ದರೂ ಡಾಕ್ಟರಿಗೆ ಹೇಳಿ. ಆ ಒಂದು ಮಾತು ಎಕ್ಸ್‌ರೇಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸಂಜೆ ಐದೂವರೆ. ಪಾರ್ಕಿನ ಜಾರುಬಂಡಿ ಇನ್ನೂ ಕಾದಿರುತ್ತದೆ. ನಿಮ್ಮ ಅಂಗೈ ಹಿಂಭಾಗವನ್ನು ಅದರ ಮೇಲೆ ಐದು ಎಣಿಸುವ ತನಕ ಇಡಿ. ನಿಮಗೆ ತಡೆಯದಿದ್ದರೆ ಮಗುವಿನ ಚರ್ಮಕ್ಕೂ ತಡೆಯುವುದಿಲ್ಲ. ಉಸುಕಿನ ಗುಡ್ಡೆ, ಚೆಂಡು, ಲಗೋರಿ, ಕುಂಟಾಟ, ಯಾವುದಾದರೂ ಆಗಲಿ. ರವಿವಾರ ಮನೆಮಂದಿಯೆಲ್ಲಾ ಆಲಮಟ್ಟಿಗೆ ಹೋಗುವುದಾದರೆ ಮಧ್ಯಾಹ್ನದ ಊಟಕ್ಕೆ ಹೊರಡಬೇಡಿ, ಬಿಸಿಲಿಳಿದ ಮೇಲೆ ತಲುಪುವಂತೆ ಹೊರಡಿ. ತೋಟ ನೋಡಿ, ಕತ್ತಲಾದ ಮೇಲೆ ಸಂಗೀತ ಕಾರಂಜಿ ನೋಡಿ ಬನ್ನಿ.

ಸೂಟಿಯಲ್ಲಿ ಅವ್ವನ ತವರಿಗೆ ಹೋಗುವುದಂತೂ ಇದ್ದೇ ಇದೆ. ಮಗುವಿಗೆ ಅದಕ್ಕಿಂತ ಒಳ್ಳೆ ಶಿಬಿರ ಇಲ್ಲ. ಆಕಳ ಕರು, ಮಾವಿನ ತೋಪು, ಹತ್ತು ಮಂದಿ ಅಕ್ಕ ತಮ್ಮಂದಿರು. ಆದರೆ ಹೋದ ದಿನವೇ ಹೊಲ, ಮನೆ ಒಮ್ಮೆ ಸುತ್ತಿ ನೋಡಿ. ಕಾಲುವೆ ಎಲ್ಲಿದೆ? ಕೃಷಿ ಹೊಂಡ ಎಲ್ಲಿದೆ? ಪ್ಲಾಸ್ಟಿಕ್ ಹಾಸಿದ ಹೊಂಡದ ಬದಿ ಎಣ್ಣೆ ಸವರಿದಂತೆ ಜಾರುತ್ತದೆ. ದೊಡ್ಡವರು ಬಿದ್ದರೂ ಹತ್ತಿ ಬರುವುದು ಕಷ್ಟ. ಬೇಲಿ ಹಾಕಿಸಿ, ಗಂಟು ಹಾಕಿದ ಹಗ್ಗ ಒಂದನ್ನು ಬಿಟ್ಟಿರಿ. ಅಂಬೆಗಾಲಿಡುವ ಮಗು ಮುಳುಗಲು ಬಕೆಟ್ಟಿನ ನಾಲ್ಕು ಬೆರಳು ನೀರೂ ಸಾಕು, ಸದ್ದೇ ಆಗುವುದಿಲ್ಲ. ಮುಚ್ಚದ ಕೊಳವೆಬಾವಿ ಇದ್ದರೆ ಅವತ್ತೇ ಮುಚ್ಚಿಸಿ, ಯಾರದ್ದೇ ಹೊಲ ಆಗಲಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಕೂಸು ಕೊಳವೆಬಾವಿಗೆ ಬಿದ್ದು, ಸುಮಾರು 20 ತಾಸಿನ ಮೇಲೆ ಜೀವಂತವಾಗಿ ಮೇಲೆ ಬಂತು. ಆ ರಾತ್ರಿ ನಮ್ಮ ಜಿಲ್ಲೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಕ್ಕಿಲ್ಲ. ಅದೇ ಭಯ ಈಗಲೂ ನನ್ನಿಂದ ಈ ಸಾಲು ಬರೆಸುತ್ತಿದೆ.

ಕತ್ತಲಾಯಿತು. ಮಾಳಿಗೆಗೆ ನೀರು ಚಿಮುಕಿಸಿ, ಚಾಪೆ, ಕೌದಿ ಹಾಸಿ. ಬೇಸಿಗೆಯ ಅತಿ ಒಳ್ಳೆಯ ಹೊತ್ತು ಇದು. ಅಪ್ಪನಿಗೆ ಕೆಲಸ ಮುಗಿದಿದೆ, ಗಾಳಿ ತಿರುಗಿದೆ, ಮೇಲೆ ಚುಕ್ಕಿಗಳು. ಮೊಬೈಲುಗಳು ಕೆಳಗೇ ಇರಲಿ, ನಿಮ್ಮದೂ. ಬೆಳಗಿನಿಂದ ಏನೇನಾಯಿತು ಅಂತ ಮಗು ಹೇಳಲಿ. "ಆಮೇಲೆ?" ಅಂತ ಕೇಳಿದರೆ ಸಾಕು. ಆದದ್ದನ್ನು ಹಿಂದೆ ಮುಂದೆ ಜೋಡಿಸಿ ಹೇಳುವುದು ನಾಲ್ಕು ವರ್ಷಕ್ಕೆ ದೊಡ್ಡ ಕೆಲಸ. ಮಾಳಿಗೆಯ ಗೋಡೆ ಮಗುವಿನ ಎದೆಗಿಂತ ಎತ್ತರ ಇಲ್ಲದಿದ್ದರೆ ಮಾತ್ರ ಅಲ್ಲಿ ಮಲಗಿಸಬೇಡಿ. ಮಾತು ಮುಗಿಸಿ ಕೆಳಗೆ ಬನ್ನಿ.

ಮಲಗುವ ಮೊದಲು ಹಾಸಿಗೆ ಝಾಡಿಸಿ. ನಮ್ಮ ಕಡೆ ಕೆಂಪು ಚೇಳು ಜಾಸ್ತಿ, ಸೆಕೆಗೆ ರಾತ್ರಿ ಹೊರಗೆ ಬರುತ್ತದೆ. ಕಲ್ಲಿನ ಗುಡ್ಡೆ, ಕಟ್ಟಿಗೆ ರಾಶಿ, ಬಾಗಿಲ ಸಂದಿ, ಬೂಟಿನೊಳಗೆ ಇರುತ್ತದೆ. ದೊಡ್ಡವರಿಗೆ ಬರೀ ಉರಿ ಅನ್ನಿಸುವ ಕಡಿತ ಪುಟ್ಟ ಮಗುವಿನ ಹೃದಯಕ್ಕೇ ತಗಲಬಹುದು. ಕಡಿದ ಮೇಲೆ ಮೈಯೆಲ್ಲಾ ಬೆವರುವುದು, ವಾಂತಿ, ಕೈಕಾಲು ತಣ್ಣಗಾಗುವುದು, ಇವು ಕಂಡರೆ ಮಂತ್ರ, ಸೊಪ್ಪಿನ ರಸ ಅಂತ ಒಂದು ನಿಮಿಷವೂ ಕಳೆಯಬೇಡಿ. ಮಹಾರಾಷ್ಟ್ರದ ಮಹಾಡದಲ್ಲಿ ಕೂತು ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲೇ ಪ್ರಾಜೋಸಿನ್ ಅನ್ನುವ ಅಗ್ಗದ ಗುಳಿಗೆ ಈ ಮಕ್ಕಳನ್ನು ಉಳಿಸುತ್ತದೆ ಅಂತ ತೋರಿಸಿದರು. ಈ ಔಷಧಿಗೆ ನಾನು ಪ್ರತಿ ಬೇಸಿಗೆಯಲ್ಲೂ ಕೈಮುಗಿಯುತ್ತೇನೆ. ಅದು ಎಷ್ಟು ಬೇಗ ಸಿಗುತ್ತದೋ ಅಷ್ಟು ಒಳ್ಳೆಯದು. ಕಡಿದ ಕೂಡಲೇ ಆಸ್ಪತ್ರೆಗೆ ಹೊರಡಿ.

ಮೇ ಇಪ್ಪತ್ತು ದಾಟಿದ ಮೇಲೆ ನಿದ್ದೆಯ ಹೊತ್ತನ್ನು ಮೆಲ್ಲಗೆ ಹಿಂದಕ್ಕೆ ತನ್ನಿ, ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ. ತಿಂಗಳ ಕೊನೆಗೆ ಶಾಲೆ ಶುರುವಾಗುವ ಹೊತ್ತಿಗೆ ಅಳು ಇಲ್ಲದೆ ಏಳುತ್ತದೆ. ಅಷ್ಟರಲ್ಲಿ ಶಾವಿಗೆ ಒಣಗಿ ಡಬ್ಬಿ ತುಂಬಿರುತ್ತದೆ. ಮಣೆ ತೊಳೆದು ಅಟ್ಟಕ್ಕೆ ಏರಿಸುವಾಗ ಮಗುವಿಗೂ ಒಂದು ತುದಿ ಹಿಡಿಯಲು ಕೊಡಿ.